ಅಳತೆಗೆ ತಕ್ಕ ಕತ್ತಿ

ನನ್ನ ಹೆಂಡತಿಯ ಅಕ್ಕನ ಗಂಡನನ್ನು ಮನೆಯಲ್ಲಿ ನಾವು ಭಾವ ಎನ್ನುತ್ತೇವೆ. ಅವರು ಕೆಲಸ ಮಾಡುವ ಪಂಪಿನ ಕಾರ್ಖಾನೆಯಲ್ಲಿ ಎಲ್ಲರೂ ‘ಮಿಲಿಮೀಟರ್’ ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೋ ತಿಳಿಯದು. ಎದುರಿಗೇ ಇಷ್ಟು ಧಾರಾಳವಿದ್ದಮೇಲೆ ಬೆನ್ನ ಹಿಂದೆ ಹೇಳಲು ಹೆಚ್ಚೇನೂ ಉಳಿದಿರಲಾರದು.

ಭಾವ ಡ್ರಾಫ್ಟ್ಸ್‌ಮನ್, ಅಂದರೆ ಯಂತ್ರಗಳ ನಕ್ಷೆ ಬರೆಯುವವರು. ಬ್ರೆಡ್ಡಿಗೆ ಬೆಣ್ಣೆ ಸವರಿದರೂ ನಾಲ್ಕೂ ಅಂಚಿನಲ್ಲಿ ಸಮನಾಗಿ ಜಾಗ ಬಿಡುತ್ತಾರೆ. ಗೋಡೆಗೊಂದು ಮೊಳೆ ಹೊಡೆಯಬೇಕಾದರೆ ಸೂರಿನಿಂದ, ನೆಲದಿಂದ, ಪಕ್ಕದ ಗೋಡೆಯಿಂದ ಅಳೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಗುರುತು ಸರಿಯಿದೆಯೇ ಎಂದು ದೂರ ನಿಂತು ನೋಡುತ್ತಾರೆ. ನಾನು ಹೊಡೆದ ಮೊಳೆ ಕಿತ್ತು ಬರುವಾಗ ಗೋಡೆಯನ್ನೂ ಕರೆದುಕೊಂಡು ಬರುತ್ತದೆ. ಆದ್ದರಿಂದ ನಮ್ಮ ಮನೆಯ ಮೊಳೆಗಳೆಲ್ಲ ಅವರದೇ.

ಒಂದು ಕಾಲದಲ್ಲಿ ಆ ಕಾರ್ಖಾನೆಯಲ್ಲಿ ಓರೆ ಹಲಗೆಗಳು ಸಾಲಾಗಿ ನಿಂತ ದೊಡ್ಡ ಕೋಣೆಯಿತ್ತು. ಪಂಪಿನ ಹೊಟ್ಟೆ, ಕತ್ತು, ರೆಕ್ಕೆ ಎಲ್ಲವನ್ನೂ ಮೇಲಿನಿಂದ ಕಂಡಂತೆ, ಮುಂದಿನಿಂದ ಕಂಡಂತೆ, ಸೀಳಿದರೆ ಒಳಗೆ ಕಾಣುವಂತೆ, ಅಂದರೆ ‘ಸೆಕ್ಷನ್’ ಆಗಿ, ಭಾವ ಅಲ್ಲಿ ಬರೆಯುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಭಾವನಿಗೂ ತರಬೇತಿ ಕೊಟ್ಟರು. ಪರದೆಯ ಮೇಲೆ ಮೊದಲ ಗೆರೆ ಎಳೆದವರೇ, ಅದು ಸರಿಯಾಗಿದೆಯೋ ಇಲ್ಲವೋ ಎಂದು ಜೇಬಿನಿಂದ ಸ್ಕೇಲು ತೆಗೆದು ಪರದೆಗೇ ಹಿಡಿದು ಅಳೆದರು. ತರಬೇತಿ ಅಲ್ಲಿಗೆ ಮುಗಿಯಿತು. ಹಲಗೆಗಳು ಗುಜರಿಗೆ ಹೋದವು. ಭಾವನ ಹಲಗೆಯೊಂದು ಮಾತ್ರ, ಭಾವನ ಸಮೇತ, ಶೌಚಾಲಯಕ್ಕೆ ಹೋಗುವ ದಾರಿಯ ಮೂಲೆಗೆ ಬಂತು. ಈಗ ಅವರ ಕೆಲಸವೆಂದರೆ ಹುಡುಗರು ಕಂಪ್ಯೂಟರಿನಲ್ಲಿ ಮಾಡಿದ ನಕ್ಷೆಗಳನ್ನು ಪ್ರಿಂಟ್ ತೆಗೆದು, ಮಡಚಿ, ಸೀಲು ಒತ್ತಿ ಹಂಚುವುದು. ಶೌಚಾಲಯಕ್ಕೆ ಹೋಗುವವರೆಲ್ಲ ಹೋಗುವಾಗೊಮ್ಮೆ ಬರುವಾಗೊಮ್ಮೆ ಅವರನ್ನು ಮಾತಾಡಿಸುತ್ತಾರೆ. ಅವರಲ್ಲಿ ಮುಖ್ಯನಾದವನು ಸಾಮಾನು ಖರೀದಿ ವಿಭಾಗದ ಮೀಸೆಯವನು.

“ಏನ್ ಮಿಲಿಮೀಟರ್, ಈ ಬಿಸ್ಕತ್ತಿಂದು ಒಂದು ಸೆಕ್ಷನ್ ಬರ್ಕೊಡಿ ನೋಡೋಣ. ಅರ್ಜೆಂಟು, ಅದ್ದಿದ ಮೇಲೆ ಅಳತೆ ಬದಲಾಗ್ಬಿಡತ್ತೆ.”

ಭಾವ ಬರೆದುಕೊಟ್ಟರು. ತೂತುಗಳ ನಡುವಿನ ಅಂತರದ ಸಮೇತ. ಆ ಹಾಳೆ ಬಹಳ ಕಾಲ ಸೂಚನಾ ಫಲಕದಲ್ಲಿತ್ತು. ಅದನ್ನು ಮೆಚ್ಚಿ ಹಾಕಿದ್ದಾರೆಂದೇ ಭಾವ ತಿಳಿದಿದ್ದರು. ಮನೆಗೆ ಬಂದು ಹೇಳಿಯೂ ಇದ್ದರು.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಯಾರೂ ಅಲುಗಾಡಿಸಲಾರರು. ನಕ್ಷೆಯ ಕೆಳಮೂಲೆಯಲ್ಲಿ ಒಂದು ಚೌಕವಿರುತ್ತದೆ: ಬರೆದವರು ಯಾರು, ತಾಳೆ ನೋಡಿದವರು ಯಾರು, ಒಪ್ಪಿಗೆ ಕೊಟ್ಟವರು ಯಾರು. ಹಿಂದೊಮ್ಮೆ ಸಹಿಯಿಲ್ಲದ ನಕ್ಷೆಯೊಂದು ಎರಕದ ಶೆಡ್ಡಿಗೆ ಹೋಗಿ, ರಾಶಿಗಟ್ಟಲೆ ಪಂಪುಗಳು ನೀರನ್ನು ಬಂದ ದಾರಿಗೇ ಹಿಂದಕ್ಕೆ ತಳ್ಳಿದವಂತೆ. ಯಾರ ತಪ್ಪು ಎಂದು ಕೇಳಿದರೆ ಯಾರದೂ ಅಲ್ಲ. ಅಂದಿನಿಂದ ಚೌಕ ತುಂಬದ ಹಾಳೆಯನ್ನು ಭಾವ ಕೈಯಿಂದ ಬಿಡುವುದಿಲ್ಲ. “ಸಹಿ ಇಲ್ಲದ ಡ್ರಾಯಿಂಗು ಅಂದ್ರೆ ದಿಕ್ಕಿಲ್ಲದ ಹೆಣ” ಎನ್ನುತ್ತಾರೆ. ಸೀಲು ಒತ್ತುವಾಗ ಒಮ್ಮೆ ಚೌಕ ಖಾಲಿ ಕಂಡು ಜನರಲ್ ಮ್ಯಾನೇಜರನ್ನೇ ಊಟದ ಮಧ್ಯೆ ಎಬ್ಬಿಸಿ ಸಹಿ ಹಾಕಿಸಿದ್ದರು.

ಭಾವನಿಗೆ ಒಬ್ಬಳೇ ಮಗಳು. ಪುಟ್ಟಿ ಎಂದು ಕರೆದು ಕರೆದು ಅವಳ ಎತ್ತರ ನಮ್ಮನ್ನೆಲ್ಲ ಮೀರಿದ ಮೇಲೂ ಪುಟ್ಟಿಯಾಗಿಯೇ ಉಳಿದಳು. ಚಿತ್ರಕಲೆ ಓದಿದವಳು. ಅಪ್ಪ ಸ್ಕೇಲಿಲ್ಲದೆ ಗೆರೆ ಎಳೆಯಲಾರರು. ಇವಳು ಸ್ಕೇಲಿಟ್ಟರೂ ಗೆರೆ ಅದನ್ನು ಹತ್ತಿ ಆಚೆ ಇಳಿಯುತ್ತದೆ. ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಜನ ಆಡುತ್ತಾರಲ್ಲ, ಆ ಕಾದಾಟದ ಆಟಗಳು, ಅವುಗಳ ಆಯುಧ, ಕವಚ, ಕೋಟೆಗಳನ್ನು ರೂಪಿಸುವ ಕೆಲಸ ಬೇಕೆಂದು ಶಾಲೆಯ ದಿನಗಳಿಂದ ಹಟ ಹಿಡಿದಿದ್ದಳು. ನಮ್ಮ ಊರಲ್ಲೇ ಅಂಥದ್ದೊಂದು ಕಂಪನಿ ಶುರುವಾಗಿ, ಒಂದೇ ಒಂದು ಜಾಗ ಖಾಲಿ ಇದೆ ಎಂದು ಪ್ರಕಟಣೆ ಕೊಟ್ಟಿತು. ಪರೀಕ್ಷೆ ಸರಳವಾಗಿತ್ತು: ಆಟದ ನಾಯಕನ ಕತ್ತಿಯನ್ನು ಹೊಸದಾಗಿ ರೂಪಿಸಿ, ಕಾಗದದ ಮೇಲೆ ಸ್ವಂತ ಕೈಯಲ್ಲಿ ಬರೆದು ಕಳಿಸಬೇಕು. ಯಂತ್ರಕ್ಕೆ ಹೇಳಿ ಚಿತ್ರ ಮಾಡಿಸಿ ಕಳಿಸುವ ಬುದ್ಧಿವಂತರು ಹೆಚ್ಚಾದದ್ದರಿಂದ ಈ ಕಾಗದದ ಕಟ್ಟಳೆ.

ಪುಟ್ಟಿ ಕುಣಿದಳು. ಕುಣಿದವಳು ಸ್ನಾನದ ಮನೆಯಲ್ಲಿ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಡಾಕ್ಟರು ಹೆಬ್ಬೆರಳನ್ನೂ ಸೇರಿಸಿ ಮೊಣಕೈವರೆಗೆ ಪ್ಲಾಸ್ಟರ್ ಹಾಕಿ, ಮೂಳೆ ಕೂಡುವವರೆಗೆ ಪೆನ್ಸಿಲ್ ಕನಸಲ್ಲೂ ಹಿಡಿಯಬೇಡ ಎಂದರು. ಮೂಳೆಗೆ ಕೂಡಲು ಅದರದೇ ಕಾಲ ಬೇಕು. ಕಂಪನಿಯ ಕೊನೆಯ ದಿನಾಂಕಕ್ಕೆ ಮೂಳೆಯ ಪರಿಚಯವಿಲ್ಲ.

“ತಲೆ ನಂದು, ಕೈ ಮಾತ್ರ ಬೇರೆಯವರದ್ದು. ಇದ್ರಲ್ಲಿ ಕಳ್ಳತನ ಏನಿದೆ?” ಎಂದು ಪುಟ್ಟಿ ನಮ್ಮೆಲ್ಲರ ಮುಂದೆ ವಾದ ಮಂಡಿಸಿ, ಮೊದಲು ನನ್ನ ಕಡೆ ನೋಡಿದಳು. ನಾನು ಬರೆದ ಬೆಕ್ಕನ್ನು ನನ್ನ ಮಗನೇ ಚಿಕ್ಕಂದಿನಲ್ಲಿ ‘ಸೋಫಾ’ ಎಂದು ಗುರುತಿಸಿದ್ದ. ಅದು ಅವಳಿಗೂ ನೆನಪಾಯಿತೆಂದು ಕಾಣುತ್ತದೆ. “ನೀವು ಬೇಡ ಬಿಡಿ ಚಿಕ್ಕಪ್ಪ” ಎಂದು ಅಪ್ಪನ ಕಡೆ ತಿರುಗಿದಳು.

ಭಾನುವಾರ ಊಟದ ಮೇಜು ಒರೆಸಿ ಭಾವ ಹಾಳೆ ಹಾಸಿದರು. ನಾಲ್ಕು ಬಗೆಯ ಪೆನ್ಸಿಲ್ ಚೂಪು ಮಾಡಿ ಎತ್ತರದ ಪ್ರಕಾರ ಜೋಡಿಸಿಟ್ಟರು. ಪುಟ್ಟಿ ಎಡಗೈಯಲ್ಲಿ ಮೊಬೈಲ್ ಹಿಡಿದು ಆಟದ ಹಳೆಯ ಕತ್ತಿಯನ್ನು ತೋರಿಸಿದಳು. ಭಾವ ಕನ್ನಡಕ ಮೇಲೆತ್ತಿ ನೋಡಿದರು, ಕೆಳಗಿಳಿಸಿ ನೋಡಿದರು.

“ಇದೇನೇ ಇದು, ಬಾಗಿಲಾ?”

“ಕತ್ತಿ, ಅಪ್ಪ.”

“ಹಿಡಿ ಎಲ್ಲಿ?”

“ಇಲ್ಲಿ. ಈ ರೆಕ್ಕೆ ಕೆಳಗೆ.”

“ಕತ್ತಿಗೆ ರೆಕ್ಕೆ ಯಾಕೆ?”

“ಚೆಂದಕ್ಕೆ.”

“ಮಧ್ಯದಲ್ಲಿ ಇದೇನು ತೂತು?”

“ತೂತಲ್ಲ, ಕಣ್ಣು. ಶತ್ರು ಹತ್ರ ಬಂದ ತಕ್ಷಣ ತೆರ್ಕೊಳತ್ತೆ.”

“ಯಾಕೆ, ಹಿಡ್ಕೊಂಡವನಿಗೆ ಕಣ್ಣು ಕಾಣಲ್ವಾ?”

ಅಡುಗೆಮನೆಯಿಂದ ಪುಟ್ಟಿಯ ಅಮ್ಮ, ನಮ್ಮ ಅಕ್ಕ, ಒಂದು ಇಣುಕು ಹಾಕಿ, ಪರದೆಯ ಮೇಲಿನ ಸಣಕಲ ನಾಯಕನನ್ನೂ ಅವನ ಎರಡರಷ್ಟಿದ್ದ ಕತ್ತಿಯನ್ನೂ ನೋಡಿ, “ಮೂಗಿಗಿಂತ ಮೂಗುತಿ ಭಾರ” ಎಂದು ತೀರ್ಪು ಕೊಟ್ಟು ಹೋದಳು.

ಪುಟ್ಟಿಯ ಕಲ್ಪನೆ ಬೇರೆಯೇ ಇತ್ತು. ಅವಳ ಕತ್ತಿ ಒಮ್ಮೆ ಮುರಿದದ್ದು. ಮುರಿದ ಜಾಗವನ್ನು ಮುಳ್ಳಿನ ಬಳ್ಳಿಯೊಂದು ಹೊಲಿಗೆ ಹಾಕಿದಂತೆ ಹಿಡಿದುಕೊಂಡಿದೆ. ಕಣ್ಣು ಪೂರ್ತಿ ತೆರೆಯುವುದಿಲ್ಲ, ಅರ್ಧ ಮುಚ್ಚಿ ನೋವಿನಲ್ಲಿ ನೋಡುತ್ತದೆ. ಕೇಳುವಾಗ ನನಗೇ ಮೈ ಜುಮ್ಮೆಂದಿತು. ಭಾವ ಪೆನ್ಸಿಲ್ ಎತ್ತಿಕೊಂಡು ಕೇಳಿದರು.

“ಮೆಟೀರಿಯಲ್ ಯಾವುದು?”

“ಡ್ರ್ಯಾಗನ್ ಮೂಳೆ.”

“ಅದರ ಸಾಂದ್ರತೆ?”

ಡ್ರ್ಯಾಗನ್ ಮೂಳೆಯ ಸಾಂದ್ರತೆ ಅವರ ಕೈಪಿಡಿಯಲ್ಲಿ ಸಿಗಲಿಲ್ಲ. ಉಕ್ಕು ಎಂದೇ ಹಿಡಿದು ಪಕ್ಕದಲ್ಲಿ ಲೆಕ್ಕ ಹಾಕಿದರು. “ಪುಟ್ಟಿ, ಇದನ್ನ ಎತ್ತೋಕೆ ಕ್ರೇನ್ ಬೇಕಾಗತ್ತೆ. ಹಿಡಿ ಇಷ್ಟು ಚಿಕ್ಕದಾದ್ರೆ ಮೊದಲನೇ ಏಟಿಗೇ ಅವನ ಮಣಿಕಟ್ಟು ನಿನ್ನ ಮಣಿಕಟ್ಟಿನ ಹಾಗಾಗತ್ತೆ. ಅಗಲ ಸ್ವಲ್ಪ ಕಮ್ಮಿ ಮಾಡ್ತೀನಿ.”

“ಬೇಡ.”

“ಹಿಡಿ ಬಿಗಿಯೋಕಾದ್ರೂ ಒಂದು ರಿವೆಟ್...”

“ಅಪ್ಪ!” ಪುಟ್ಟಿಯ ಸ್ವರ ಏರಿತು. “ನೀನು ಪಂಪು ಬರೀತಿಲ್ಲ. ನಾನು ಹೇಳಿದ್ದನ್ನ ಬರಿ, ಯೋಚನೆ ಮಾಡ್ಬೇಡ. ಫ್ಯಾಕ್ಟರೀಲಿ ನಿನ್ನನ್ನ ಯಾರೂ ಯೋಚನೆ ಮಾಡು ಅಂತ ಕೇಳಲ್ಲ ತಾನೆ? ಇಲ್ಲೂ ಹಾಗೇ ಇರು.”

ನನ್ನ ಹೆಂಡತಿ ಕಿಟಕಿಯ ಹೊರಗೆ ಏನೋ ಇದೆ ಎಂಬಂತೆ ನೋಡತೊಡಗಿದಳು. ಭಾವ ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಇನ್ನೊಮ್ಮೆ ಚೂಪು ಮಾಡಿದರು.

ಅವಳು ಹೇಳಿದಳು, ಅವರು ಬರೆದರು. “ಇನ್ನೂ ದಪ್ಪ.” “ಅಲ್ಲಿ ಒಡಕು ಕಾಣ್ಬೇಕು.” “ಮುಳ್ಳು ಚುಚ್ಚೋ ಹಾಗಿರ್ಲಿ, ಸ್ಕ್ರೂ ಥರ ಇದೆ.” ಜೀವಮಾನದಲ್ಲಿ ಡೊಂಕು ಗೆರೆ ಎಳೆಯದ ಮನುಷ್ಯ ಡೊಂಕನ್ನೂ ಸ್ಕೇಲು ಇಟ್ಟು ಎಳೆದರು. ಆದರೂ ಸಂಜೆಯ ಹೊತ್ತಿಗೆ ಹಾಳೆಯ ಮೇಲೆ ಒಂದು ಕತ್ತಿ ಮಲಗಿತ್ತು. ನೋಡಿದರೆ ಪಾಪ ಎನಿಸುವ ಕತ್ತಿ. ಅಂಥ ಕತ್ತಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಪುಟ್ಟಿ ಬಹಳ ಹೊತ್ತು ನೋಡಿ, ಪ್ಲಾಸ್ಟರಿನ ಕೈಯಿಂದಲೇ ಅಪ್ಪನ ಬೋಳುತಲೆಗೆ ಮೆಲ್ಲಗೆ ತಟ್ಟಿದಳು. “ಇದೇ. ಇದೇ ಅಪ್ಪ ನಾನು ಹೇಳಿದ್ದು.”

ಹಾಳೆಯನ್ನು ಕಂಪನಿಗೆ ತಲುಪಿಸುವ ಕೆಲಸ ಭಾವ ವಹಿಸಿಕೊಂಡರು. ಬೆಳಿಗ್ಗೆ ಮಗಳು ಏಳುವ ಮೊದಲು ಅದನ್ನು ಮಡಚುವಾಗ ಅವರ ಕೈ ನಿಂತಿತು. ಹಾಳೆಯ ಕೆಳಮೂಲೆ ಖಾಲಿಯಿತ್ತು. ಭಾವ ಸ್ಕೇಲು ತೆಗೆದರು. ಅಂಚು ಕಟ್ಟಿ, ಚೌಕ ಹಾಕಿದರು. ಬರೆದವರು ಎಂಬಲ್ಲಿ ತಮ್ಮ ಸಹಿ. ತಾಳೆ ನೋಡಿದವರು ಎಂಬಲ್ಲಿ ತಮ್ಮ ಸಹಿ. ಒಪ್ಪಿಗೆ ಕೊಟ್ಟವರು ಎಂಬಲ್ಲಿ, ಜನರಲ್ ಮ್ಯಾನೇಜರ್ ಸಹಿ ಬೀಳುವ ಜಾಗದಲ್ಲಿ, ದುಂಡಗೆ ಮಗಳ ಹೆಸರು ಬರೆದರು. ಆ ಹೆಸರನ್ನು ಅಲ್ಲಿ ಕಂಡು ಅವರಿಗೆ ಕಣ್ಣು ತುಂಬಿ ಬಂತಂತೆ. ಚೌಕ ಮೇಲೆ ಬರುವಂತೆ ಮಡಚಿ ಕೊಟ್ಟು ಬಂದರು.

ಕಂಪನಿಯಿಂದ ಕರೆ ಬಂದಾಗ ಮನೆಯಲ್ಲಿ ಹಬ್ಬದ ಗದ್ದಲ. ಅಪ್ಪನನ್ನೂ ಕರೆತನ್ನಿ ಎಂದಿದ್ದರು. ಭಾವನಿಗೆ ಮಾತು ಬರುವುದಿಲ್ಲವೆಂದು, ಮಾತಿನ ಮಲ್ಲನೆಂಬ ಹೆಸರಿನ ಮೇಲೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ನಾನು ಆಡಿದ ಒಂದೇ ಮಾತು, “ಸಕ್ಕರೆ ಬೇಡ.”

ಕಂಪನಿಯ ಯಜಮಾನ ಅರ್ಧ ಚಡ್ಡಿಯಲ್ಲಿದ್ದ. ಅಷ್ಟು ದೊಡ್ಡ ಆಫೀಸಿನಲ್ಲಿ ಪ್ಯಾಂಟ್ ಹಾಕಿದ್ದವರು ನಾವಿಬ್ಬರೇ. ಕಾಫಿ ಯಂತ್ರದ ಪಕ್ಕ ಗೋಡೆಯ ಮೇಲೆ ಭಾವ ಬರೆದ ಹಾಳೆ ಅಂಟಿಸಿತ್ತು. ಅಲ್ಲಿ ನಿಂತಿದ್ದ ಹುಡುಗ ಹುಡುಗಿಯರು ಭಾವನನ್ನು ನೋಡಿ, ಹಾಳೆಯನ್ನು ನೋಡಿ, ಒಬ್ಬರನ್ನೊಬ್ಬರು ತಿವಿದುಕೊಂಡರು.

“ಬನ್ನಿ ಸಾರ್, ಬನ್ನಿ! ನೀವೇನಾ? ಡ್ರ್ಯಾಗನ್ ಮೂಳೆ ಲಭ್ಯವಿಲ್ಲದಿದ್ದಲ್ಲಿ ಉಕ್ಕು ಬಳಸಬಹುದು ಅಂತ ಅಡಿಟಿಪ್ಪಣಿ ಹಾಕಿದೀರಲ್ಲ, ಅದೂ ನೀವೇನಾ?” ಎಂದ ಅರ್ಧಚಡ್ಡಿ.

ಕೋಣೆಯೆಲ್ಲ ನಕ್ಕಿತು. ಭಾವನೂ ನಕ್ಕು, “ಉಕ್ಕಾದ್ರೆ ತುಕ್ಕು ಹಿಡಿಯೋದು ನೋಡ್ಕೋಬೇಕಾಗತ್ತೆ” ಎಂದು ವಿವರಿಸಿದರು. ಇನ್ನೂ ಜೋರು ನಗು. ಒಬ್ಬಳು ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಬಿಸ್ಕತ್ತಿನ ನಕ್ಷೆಗೆ ಸಿಕ್ಕ ಮನ್ನಣೆಗಿಂತ ಇದು ದೊಡ್ಡದೆಂದು ಭಾವನ ಮುಖವೇ ಹೇಳುತ್ತಿತ್ತು.

ಪುಟ್ಟಿ ನಗುತ್ತಿರಲಿಲ್ಲ. ಅವಳ ಕಣ್ಣು ಹಾಳೆಯ ಕೆಳಮೂಲೆಯಲ್ಲಿತ್ತು.

“ನೋಡಿ,” ಎಂದ ಅರ್ಧಚಡ್ಡಿ ಅವಳ ಕಡೆ ತಿರುಗಿ, “ಸ್ವಂತ ಕೈ ಅಂತ ಸ್ಪಷ್ಟವಾಗಿ ಹಾಕಿದ್ವಿ. ಇಲ್ಲಿ ಬರೆದವರು ಬೇರೆ ಅಂತ ನೀವೇ ಬರೆದು ಕಳಿಸಿದೀರ. ಇಷ್ಟು ಪ್ರಾಮಾಣಿಕವಾಗಿ ಮೋಸ ಮಾಡಿದವರನ್ನ ನಾವು ನೋಡೇ ಇಲ್ಲ.”

ಅವಳು ಪ್ಲಾಸ್ಟರ್ ಎತ್ತಿ ತೋರಿಸಿದಳು. ಕಲ್ಪನೆಯೆಲ್ಲ ನನ್ನದು ಎಂದಳು. ಮೊದಲೇ ತಿಳಿಸಬೇಕಿತ್ತು ಎಂದ ಆತ, ಅದೂ ನಿಜವೇ. ಆಮೇಲೆ ಮತ್ತೆ ಭಾವನ ಕಡೆ ತಿರುಗಿದ. ಮಾಲ್‌ನಲ್ಲಿ ಅವರ ಆಟದ ಪ್ರದರ್ಶನ ಶುರುವಾಗಲಿತ್ತು. ಆಟದಲ್ಲಿ ಒಬ್ಬ ಮುದಿ ಕಮ್ಮಾರನಿದ್ದಾನೆ. ಭಾವ ಆ ವೇಷ ಹಾಕಿ, ಮಳಿಗೆಯಲ್ಲಿ ಒಂದು ಓರೆ ಹಲಗೆಯ ಮುಂದೆ ಕೂತು, ಬಂದವರಿಗೆಲ್ಲ ಕತ್ತಿ ಬರೆದುಕೊಡಬೇಕು. ಕೆಳಗೆ ಚೌಕ ಮಾತ್ರ ಖಂಡಿತ ಇರಬೇಕು. “ಅದೇ ಸಾರ್ ಮಜಾ.”

“ನಮ್ಮ ಪುಟ್ಟಿ ವಿಷಯ?” ಎಂದರು ಭಾವ.

“ಪ್ಲಾಸ್ಟರ್ ಬಿಚ್ಲಿ. ನೋಡೋಣ.”

ನಮ್ಮಲ್ಲಿ ‘ಇಲ್ಲ’ ಎನ್ನಲು ನಾಚಿಕೆಪಡುವವರೆಲ್ಲ ‘ನೋಡೋಣ’ ಎನ್ನುತ್ತಾರೆ. ನನ್ನ ಬರಹಗಳ ಬಗ್ಗೆ ಸಂಪಾದಕರು ಇಷ್ಟು ವರ್ಷ ಹೇಳಿದ್ದೂ ಅದನ್ನೇ. ಆದರೆ ಭಾವ ಅದನ್ನು ಮಾತು ಕೊಟ್ಟಂತೆಯೇ ಹಿಡಿದುಕೊಂಡರು.

ಬಸ್ಸಿನಲ್ಲಿ ಪುಟ್ಟಿ ಕೇಳಿದಳು, “ಯಾಕೆ ಹಾಕಿದೆ ಅದನ್ನ?”

“ಹಾಕದೆ ಹೇಗೆ ಕಳಿಸ್ಲಿ?”

“ಕೆಲಸ ನಂದು ಕಣೋ ಅಪ್ಪ.”

“ಅದಕ್ಕೇ ನಿನ್ನ ಹೆಸರು ಎಲ್ಲಾರಿಗಿಂತ ಮೇಲಿನ ಜಾಗದಲ್ಲಿ ಹಾಕಿದೀನಲ್ಲೇ. ಜಿಎಂ ಜಾಗದಲ್ಲಿ!” ಎಂದರು ಭಾವ. ಮಗಳಿಗೆ ಅದು ಅರ್ಥವಾಗಲಿಲ್ಲವೆಂದು ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ಅವಳು ಕಿಟಕಿಗೆ ಹಣೆ ಒತ್ತಿದಳು. ಸ್ವಲ್ಪ ದೂರ ಹೋದ ಮೇಲೆ, “ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡ್ತೀವಿ ಅಂದ್ರಲ್ಲ. ನೀನು ಹೋಗು. ಮರೀದೆ ನೆನಪಿಸ್ತಾ ಇರು” ಎಂದಳು.

ಭಾವ ಕಾರ್ಖಾನೆಗೆ ರಜೆ ಹಾಕಿ ಮಾಲ್‌ಗೆ ಹೋದರು. ಹೊಟ್ಟೆಯವರೆಗೆ ಬಿಳಿ ಗಡ್ಡ ಅಂಟಿಸಿ, ಚರ್ಮದ ಮುಂಗವಸು ಕಟ್ಟಿ ಕೂರಿಸಿದರು. ಸುದ್ದಿ ಗಾಳಿಗಿಂತ ಮುಂಚೆ ಕಾರ್ಖಾನೆ ಮುಟ್ಟಿತು. ನಾನೂ ನನ್ನ ಹೆಂಡತಿಯೂ ನೋಡಲು ಹೋದ ದಿನ ಮೀಸೆಯವನು ಇಡೀ ವಿಭಾಗವನ್ನೇ ಕಟ್ಟಿಕೊಂಡು ಬಂದಿದ್ದ.

“ತಾತ, ನನಗೊಂದು ಕತ್ತಿ. ಹೆಂಡ್ತಿ ಹತ್ರ ಮಾತಾಡೋವಾಗ ಹಿಡ್ಕೊಳ್ಳೋಕೆ.”

ಎಲ್ಲರೂ ಮೊಬೈಲ್ ಎತ್ತಿ ಹಿಡಿದರು. ಭಾವ ತಲೆ ಎತ್ತಲಿಲ್ಲ. “ಬಲಗೈಯೋ ಎಡಗೈಯೋ?” ಎಂದು ಕೇಳಿ, ದರ್ಜಿಯ ಅಳತೆಪಟ್ಟಿ ತೆಗೆದು ಮೀಸೆಯವನ ಭುಜದಿಂದ ಮುಷ್ಟಿಯವರೆಗೆ ಅಳೆದರು. ಮುಷ್ಟಿ ಬಿಗಿಸಿ ಎಂದು ಅದರ ಅಗಲ ಅಳೆದರು. ಮಣಿಕಟ್ಟಿನ ಸುತ್ತಳತೆ ನೋಡಿ, “ಎತ್ತರ ಇದೆ, ಜೋರಿಲ್ಲ. ನಿಮಗೆ ಹಗುರದ್ದೇ ಸರಿ” ಎಂದರು. ನಗು ಈಗ ಮೀಸೆಯವನ ಕಡೆ ತಿರುಗಿತು. ಮೊಬೈಲುಗಳು ಅವನ ಕಡೆಗೇ ತಿರುಗಿದವು.

ಈ ಅಳೆಯುವುದು ಕಂಪನಿ ಹೇಳಿಕೊಟ್ಟದ್ದಲ್ಲ. ಹಿಡಿಯುವವನ ಅಳತೆಯಿಲ್ಲದೆ ಹಿಡಿ ಬರೆಯಲು ಭಾವನಿಗೆ ಕೈ ಬರುತ್ತಿರಲಿಲ್ಲ, ಅಷ್ಟೆ. ಆದರೆ ಜನಕ್ಕೆ ಹುಚ್ಚು ಹಿಡಿಯಿತು. ಆಟ ಆಡುವ ಪರದೆಗಳ ಮುಂದೆ ನೊಣವಿಲ್ಲ. ಮುದುಕನ ಮುಂದೆ ಮೆಟ್ಟಿಲವರೆಗೆ ಸಾಲು. ಮಕ್ಕಳು, ಕಾಲೇಜಿನವರು, ಚೀಲ ಹಿಡಿದ ಗೃಹಿಣಿಯರು, ಎಲ್ಲರೂ ತೋಳು ಚಾಚಿ ಗಂಭೀರವಾಗಿ ನಿಲ್ಲುತ್ತಿದ್ದರು. ತಮ್ಮ ತೋಳನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ಅಳೆದು ಎಷ್ಟು ಕಾಲವಾಗಿತ್ತೋ. ನನಗೂ ಆಸೆಯಾಯಿತು. ಅಳೆದರು. ನನಗೆ ಬರೆದುಕೊಟ್ಟದ್ದು ಕಾಗದ ಕತ್ತರಿಸುವ ಚಾಕುವಿನಷ್ಟಿತ್ತು. ತಕರಾರು ಮಾಡಲಿಲ್ಲ, ಕೈ ನೋಡಿ ಹೇಳುವ ಶಾಸ್ತ್ರದಲ್ಲಿ ಇಷ್ಟು ಖಚಿತವಾದದ್ದನ್ನು ನಾನು ಬೇರೆ ಕಂಡಿಲ್ಲ.

ಮನೆಗೆ ಬಂದ ಭಾವ ಬೇರೆಯೇ ಮನುಷ್ಯ. ಊಟಕ್ಕೆ ಕೂತರೆ ಮಾತು ನಿಲ್ಲದು. ಯಾರು ಬಂದರು, ಯಾರ ತೋಳು ಎಷ್ಟಿತ್ತು, ಯಾರು ಹಾಳೆಗೆ ಕಟ್ಟು ಹಾಕಿಸುತ್ತೇನೆಂದರು. ಎದುರಿಗೆ ಪುಟ್ಟಿ ಎಡಗೈಯಲ್ಲಿ ಚಮಚ ಹಿಡಿದು, ಪ್ಲಾಸ್ಟರಿನೊಳಗಿನ ನವೆಗೆ ಹೆಣಿಗೆ ಕಡ್ಡಿ ತೂರಿಸುತ್ತ ಕೂತಿರುತ್ತಿದ್ದಳು.

“ನನ್ನ ವಿಷಯ ಏನಂದ್ರು?”

“ನೋಡೋಣ ಅಂದ್ರು. ಮರೆತಿಲ್ಲ ಅವರು.”

ಆ ನಡುವೆ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯೊಂದರಿಂದ ಪುಟ್ಟಿಗೆ ಫೋನ್ ಬಂತು. ಹೂಬಳ್ಳಿ ಚಿತ್ತಾರ ಬರೆಯುವ ಕೆಲಸ. ಕೈ ವಾಸಿಯಾಗುವವರೆಗೆ ಕಾಯುತ್ತೇವೆ, ಆದರೆ ಬರುತ್ತೀರೋ ಇಲ್ಲವೋ ಈಗಲೇ ಹೇಳಿ ಎಂದರು. ಪುಟ್ಟಿ ಫೋನಿಗೆ ಕೈ ಅಡ್ಡ ಹಿಡಿದು ಅಪ್ಪನನ್ನು ನೋಡಿದಳು. ಗಡ್ಡದ ಅಂಟು ಕೆರೆದು ತೆಗೆಯುತ್ತ ಕನ್ನಡಿಯ ಮುಂದಿದ್ದ ಭಾವ, ಕನ್ನಡಿಯನ್ನೇ ನೋಡುತ್ತ, “ಬೇಡ ಅನ್ನು. ಇವರು ನೋಡ್ತಾರೆ” ಎಂದರು.

ಅವಳು ಬೇಡ ಎಂದಳು.

ಪ್ಲಾಸ್ಟರ್ ಬಿಚ್ಚಿದಾಗ ಒಳಗಿನಿಂದ ಬಂದ ಕೈ ಒಣಗಿದ ಪಡವಲಕಾಯಿಯಂತಿತ್ತು. ಅದೇ ಕೈಯಲ್ಲಿ, ಬೆರಳು ನಡುಗಿದರೆ ಎಡಗೈಯಿಂದ ಒತ್ತಿ ಹಿಡಿದು, ಪುಟ್ಟಿ ಮುರಿದ ಕತ್ತಿಯನ್ನು ಮತ್ತೆ ಬರೆದಳು. ಅವಳ ಗೆರೆಯಲ್ಲಿ ಅದು ಇನ್ನೂ ಚೆನ್ನಾಗಿತ್ತು. ಬಳ್ಳಿ ನಿಜವಾಗಿ ಹಬ್ಬಿತ್ತು, ಕಣ್ಣು ನಿಜವಾಗಿ ನೊಂದಿತ್ತು. ಅಷ್ಟು ಹೊತ್ತಿಗೆ ಪ್ರದರ್ಶನದ ಕೊನೆಯ ದಿನ ಬಂತು. “ಅಪ್ಪನ ಕೈಲಿ ಕಳಿಸಲ್ಲ, ನಾನೇ ಕೊಡ್ತೀನಿ” ಎಂದಳು. ಹ್ಯಾಂಡಲ್ ಹಿಡಿಯುವಷ್ಟು ಜೋರು ಅವಳ ಕೈಗಿನ್ನೂ ಬಂದಿರಲಿಲ್ಲ. ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ.

ಮಳಿಗೆಯ ಹಿಂಬದಿಯಲ್ಲಿ ಅರ್ಧಚಡ್ಡಿ ಸಾಮಾನು ಕಟ್ಟಿಸುತ್ತಿದ್ದ. ಪುಟ್ಟಿ ಹಾಳೆ ಬಿಚ್ಚಿ ಹಿಡಿದಳು. ಆತ ಕೈಲಿದ್ದ ಹಗ್ಗ ಕೆಳಗಿಟ್ಟು ಹತ್ತಿರ ಬಂದು ನೋಡಿದ. ಮೆಚ್ಚಿದನೆಂಬುದು ನನಗೂ ತಿಳಿಯಿತು.

“ಚೆನ್ನಾಗಿದೆ. ನಿಜವಾಗ್ಲೂ ಚೆನ್ನಾಗಿದೆ. ಆದರೆ ಆ ಜಾಗ ತುಂಬಿ ಆಯ್ತಲ್ಲ.”

“ಯಾವಾಗ?”

“ಪ್ರದರ್ಶನ ಶುರುವಾದ ಮಾರನೇ ದಿನವೇ. ನಿಮ್ಮ ತಂದೆಗೆ ಆವತ್ತೇ ಹೇಳಿದ್ನಲ್ಲ. ಬೇಜಾರಾದ್ರೆ ನಾಳೆಯಿಂದ ಬರೋದು ಬೇಡ ಸಾರ್ ಅಂತಲೂ ಹೇಳ್ದೆ. ಇಲ್ಲ, ಬರ್ತೀನಿ, ಮಗಳಿಗೆ ನಾನೇ ಹೇಳ್ತೀನಿ ಅಂದ್ರು.” ಅವಳ ಮುಖ ನೋಡಿ ಆತ ಗಾಬರಿಯಾದ. “ಹೇಳಿಲ್ವಾ?”

ಮಾತಿನ ಮಲ್ಲ ನಾನು ಅಲ್ಲೇ ಇದ್ದೆ. ಪಕ್ಕದ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ‘ಎಚ್ಚರಿಕೆಯಿಂದ ಇಳಿಸಿ’ ಎಂಬುದನ್ನು ಓದುತ್ತ ನಿಂತೆ.

ಪುಟ್ಟಿ ಹಾಳೆಯನ್ನು ಸುತ್ತಿದಳು. ಹಿಂಬದಿಯಿಂದಲೇ ಅಪ್ಪನ ಹತ್ತಿರ ಹೋಗಬಹುದಿತ್ತು, ಹೋಗಲಿಲ್ಲ. ಮುಂದಕ್ಕೆ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಕೊನೆಯ ದಿನವಾದ್ದರಿಂದ ಸಾಲು ಉದ್ದವಿತ್ತು. ನಾನು ಅವಳ ಪಕ್ಕದಲ್ಲೇ ನಿಂತು, ಬಾಮ್ಮ ಹೋಗೋಣ ಎಂದೆ. ಒಬ್ಬೊಬ್ಬರೇ ತೋಳು ಅಳೆಸಿಕೊಂಡು, ಹಾಳೆ ಸುತ್ತಿಕೊಂಡು, ನಗುತ್ತ ಹೋಗುತ್ತಿದ್ದರು. ಅವಳ ಸರದಿ ಬಂತು.

“ಬಲಗೈಯೋ ಎಡಗೈ...” ಎಂದು ಭಾವ ತಲೆ ಎತ್ತಿದರು.

“ಅಪ್ಪ. ಅವರು ನಿಂಗೆ ಹೇಳಿದ್ರಂತೆ.”

ಗಡ್ಡದ ಮೇಲೆ ಉಳಿದಿದ್ದಷ್ಟು ಮುಖದಲ್ಲಿ ಬಣ್ಣ ಬದಲಾದದ್ದನ್ನು ನಾನು ಕಂಡೆ. ಭಾವ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಮಗಳನ್ನು ನೋಡಿದರು. ಆಮೇಲೆ ಅವಳ ಭುಜದಾಚೆ, ಮೆಟ್ಟಿಲವರೆಗೆ ನಿಂತಿದ್ದ ಸಾಲನ್ನು ನೋಡಿದರು.

“ಹಿಂದೆ ಜನ ಕಾಯ್ತಿದಾರೆ, ಪುಟ್ಟಿ,” ಎಂದರು ತಗ್ಗಿದ ದನಿಯಲ್ಲಿ. “ಸ್ವಲ್ಪ ಪಕ್ಕಕ್ಕೆ ನಿಲ್ತೀಯಾ?”

ಅವಳು ಪಕ್ಕಕ್ಕೆ ನಿಂತಳು. ಸಾಲು ಕರಗುವವರೆಗೂ ಅಲ್ಲೇ ನಿಂತಿದ್ದಳು. ಭಾವ ಒಂದೊಂದು ತೋಳನ್ನೂ ಅಳೆದರು. ಒಂದು ಚೌಕವನ್ನೂ ಖಾಲಿ ಬಿಡಲಿಲ್ಲ.

ಅಕ್ಕನಿಗೆ ವಿಷಯ ತಿಳಿದ ದಿನ ಮನೆಯಲ್ಲಿ ಪಾತ್ರೆಗಳು ಮಾತಾಡಿದವು. ಎಷ್ಟೋ ದಿನದ ಮೇಲೆ ನಾನೂ ಭಾವನೂ ಟೀ ಅಂಗಡಿಯ ಮುಂದೆ ನಿಂತಿದ್ದಾಗ, ನಾನು ಕೇಳದೆಯೇ ಅವರು ಹೇಳಿದರು. “ಹೇಳೋಣ ಅಂತ್ಲೇ ಪ್ರತಿದಿನ ಮನೆಗೆ ಬರ್ತಿದ್ದೆ. ಹೇಳಿದ್ರೆ, ಹಾಗಾದ್ರೆ ಇನ್ಯಾಕೆ ಹೋಗ್ತೀಯ, ಬಿಡು ಅಂತಿದ್ಳು. ಫ್ಯಾಕ್ಟರೀಲಿ ನನ್ನ ಹಲಗೆ ಹತ್ರ ಜನ ಬರೋದು ಯಾತಕ್ಕೆ ಅಂತ ನಿಮಗೆ ಗೊತ್ತಲ್ಲ. ಮಾಲ್‌ನಲ್ಲಿ ನನ್ನ ಹತ್ರಾನೇ ಬರ್ತಿದ್ರು.” ಟೀ ಆರಿತು. ಏನಾದರೊಂದು ತಮಾಷೆ ಮಾಡಬೇಕಾದ ಜಾಗ ಅದು. ನಾನು ಎರಡೂ ಟೀಗೆ ದುಡ್ಡು ಕೊಟ್ಟೆ.

ಬಟ್ಟೆಯ ಕಾರ್ಖಾನೆಯವರು ಬೇರೊಬ್ಬಳನ್ನು ತೆಗೆದುಕೊಂಡಿದ್ದರು. ಪುಟ್ಟಿ ಈಗ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ವಿಸಿಟಿಂಗ್ ಕಾರ್ಡುಗಳಿಗೆ ಅಕ್ಷರ ಕೂರಿಸುತ್ತಾಳೆ. ಚಿತ್ರ ಬರೆಯುವುದನ್ನು ನಾನು ನೋಡಿಲ್ಲ. ಮನೆಯಲ್ಲಿ ಜಗಳವಿಲ್ಲ, ಏರುದನಿಯಿಲ್ಲ. ಹೊತ್ತಿಗೆ ಸರಿಯಾಗಿ ಅಪ್ಪನ ಮಾತ್ರೆ ತೆಗೆದಿಡುತ್ತಾಳೆ, ಕನ್ನಡಕ ಒರೆಸಿಡುತ್ತಾಳೆ. “ಊಟಕ್ಕೆ ಬನ್ನಿ” ಎನ್ನುತ್ತಾಳೆ. “ನೀವು ಕೂತ್ಕೊಳ್ಳಿ, ನಾನು ಬಡಿಸ್ತೀನಿ” ಎನ್ನುತ್ತಾಳೆ. ಮೊನ್ನೆ ಅಲ್ಲಿ ಊಟ ಮಾಡಿ ಬಂದ ನನ್ನ ಹೆಂಡತಿ ದಾರಿಯುದ್ದಕ್ಕೂ ಮೆಚ್ಚಿಕೊಂಡಳು: “ಹುಡುಗಿ ಎಷ್ಟು ಮರ್ಯಾದೆ ಕಲಿತಿದಾಳೆ ನೋಡಿ, ನಮ್ಮನೇಲೂ ಇದ್ದಾನೆ ಒಬ್ಬ.”

ಭಾವ ಮಾತ್ರ ಮಗಳು ‘ಬನ್ನಿ’ ಎಂದಾಗಲೆಲ್ಲ, ಬೆನ್ನ ಹಿಂದೆ ಇನ್ಯಾರೋ ಬಂದು ನಿಂತಿದ್ದಾರೇನೋ ಎಂಬಂತೆ, ಒಮ್ಮೆ ತಿರುಗಿ ನೋಡುತ್ತಾರೆ.